ಕೇಳುಗರ ಸಂಖ್ಯೆ: ಒಂದು

ದಾವಣಗೆರೆ,
ಫೆಬ್ರವರಿ 30, 2187

ನನ್ನ ಮುತ್ತಜ್ಜಿಯ ಮುತ್ತಜ್ಜಿ, ನಿವೃತ್ತ ಮುಖ್ಯೋಪಾಧ್ಯಾಯಿನಿ ನೀಲಾಂಬಿಕಾ ಅವರಿಗೆ ಶರಣು.

ತಾರೀಖು ನೋಡಿ ಕೆಂಪು ಶಾಯಿಯ ಪೆನ್ನು ಹುಡುಕಬೇಡಿ. ಫೆಬ್ರವರಿಯ ಬಡಕಲು ಮೈ ನೋಡಲಾಗದೆ ನಾವು ಜುಲೈ, ಆಗಸ್ಟ್‌ಗಳ ಹೊಟ್ಟೆ ಕರಗಿಸಿ ಅದಕ್ಕೆ ಮೈ ತುಂಬಿಸಿದ್ದೇವೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೂರ ಅರವತ್ತು ವರ್ಷ ಉಪ್ಪಿನಲ್ಲಿಟ್ಟ ಮಾವಿನಕಾಯಿ ಮಾವಿನಕಾಯಿಯಾಗಿಯೇ ಉಳಿದೀತೇ?

ಇವತ್ತು ಬೆಳಿಗ್ಗೆ ನನಗೆ ಮನೆಯುಲಿ ಪರವಾನಗಿ ಸಿಕ್ಕಿತು. ಮನೆಯುಲಿ ಎಂದರೆ ಮನೆಯಿಂದಲೇ ನಡೆಸುವ, ನೀವು ಇಂಟರ್ನೆಟ್ ರೇಡಿಯೊ ಎನ್ನುವ ಅದೇ ವಸ್ತು. ನಿಮಗೆ ಮೈಕು, ಲ್ಯಾಪ್‌ಟಾಪು, ಧೈರ್ಯ ಮೂರಿದ್ದರೆ ಸಾಕು. ನಮ್ಮಲ್ಲಿ ಒಂದು ಕಾಲಕ್ಕೆ ಯಂತ್ರಗಳೇ ಮಾತಾಡಿ, ಯಂತ್ರಗಳೇ ಕೇಳಿ, ತಮ್ಮತಮ್ಮಲ್ಲೇ 'ಆಹಾ' ಅಂದುಕೊಂಡು, ಬಾಯಿಗಳು ಸಮೃದ್ಧವಾಗಿ ಕಿವಿಗಳಿಗೆ ಬರ ಬಂದಿತ್ತು. ಅಂದಿನಿಂದ ಕಿವಿಕಟ್ಟೆ ಎಂಬ ಕಚೇರಿಯಿದೆ. ಹೆಸರಷ್ಟೇ ಕಟ್ಟೆ, ಕೆಲಸ ಕಟ್ಟುನಿಟ್ಟು. ನಿಯಮ ಒಂದೇ: ಅರ್ಜಿದಾರರ ಮನೆತನದ ಮಾತನ್ನು ನೆಂಟರಲ್ಲದ ಒಬ್ಬ ಮನುಷ್ಯ ಎಂದಾದರೂ ಮೊದಲಿನಿಂದ ಕೊನೆತನಕ ಕೇಳಿರಬೇಕು. ನಮ್ಮದೋ ಮಾತಿನ ಮನೆತನ. ಆರು ತಲೆಮಾರು ಜಾಲಾಡಿದರೂ ಮಾತಾಡಿದವರೇ ಸಿಕ್ಕರು, ಕೇಳಿದವರಿಲ್ಲ. ಕೊನೆಗೆ ಸಿಕ್ಕಿದ್ದು ನಿಮ್ಮ 'ರೇಡಿಯೊ ಒಗ್ಗರಣೆ'ಯ ಹನ್ನೆರಡು ಸಂಚಿಕೆಗಳು.

ಬಟ್ಟೆಯ ಬೀರುವಿನೊಳಗೆ ತಲೆಯಿಟ್ಟು, ಸದ್ದು ನುಸುಳದಂತೆ ಮೇಲೆ ಕೌದಿ ಹೊದ್ದು, ಮಕ್ಕಳು ಮೂವತ್ತು ವರ್ಷ ನಿಮಗೆ ಬರೆದ ರಜಾಚೀಟಿಗಳನ್ನು ಹೆಸರು ಮರೆಸಿ ಓದುತ್ತೀರಿ. 'ನಮ್ಮ ಎಮ್ಮೆಗೆ ನನ್ನನ್ನು ಬಿಟ್ಟು ಮನೆಯಲ್ಲಿ ಯಾರ ಮೇಲೂ ನಂಬಿಕೆಯಿಲ್ಲವಾದ್ದರಿಂದ ಎರಡು ದಿನ ರಜೆ' ಎಂಬಲ್ಲಿ ನಾನು ನಕ್ಕ ನಗುವಿಗೆ ಹೆದರಿ ನಮ್ಮ ಮನೆಯ ಗೋಡೆ ವೈದ್ಯರಿಗೆ ಕರೆ ಮಾಡಿತು. ಇಲ್ಲಿ ಗೋಡೆಗಳಿಗೆ ಕಿವಿಯಷ್ಟೇ ಅಲ್ಲ, ಬಾಯಿಯೂ ಇದೆ.

ಆದರೆ ಹನ್ನೆರಡನೆಯದರ ಕೊನೆಗೆ ನೀವು ಹೇಳಿಬಿಟ್ಟಿರಿ: "ಕೇಳಾವ್ರು ಒಂದು ಅಂತ ತೋರಸ್ತೈತಿ. ಆ ಒಂದು ನಾನಽ. ಬರ್ತೈತೋ ಇಲ್ಲೋ ನೋಡಾಕ ಅಡಿಗೆಮನ್ಯಾಗ ಇನ್ನೊಂದು ಫೋನು ಹಚ್ಚಿಟ್ಟೀನಿ. ಸಾಕು, ಮುಂದಿನ ಗುರುವಾರದಿಂದ ಬಂದ್."

ನನ್ನೆದುರು ಕೂತು ಕೇಳುತ್ತಿದ್ದ ಕಿವಿಕಟ್ಟೆಯ ಅಧಿಕಾರಿ ತಿರಸ್ಕಾರದ ಮುದ್ರೆ ಎತ್ತಿದರು. "ಯಕ್ಕಾ, ತನ್ನ ಬೆನ್ನು ತಾನ ತಟ್ಟಿಕೊಂಡ್ರ ಅದು ಚಪ್ಪಾಳಿ ಅಲ್ಲ."

ಆದರೆ ಧ್ವನಿಮುದ್ರಣ ಇನ್ನೂ ಓಡುತ್ತಿತ್ತು. ನೀವು ಮೈಕು ಆರಿಸದೆ ಸಂಡಿಗೆ ತೆಗೆಯಲು ಮಾಳಿಗೆಗೆ ಹೋಗಿದ್ದಿರಿ. ಆಗ ನಿಮ್ಮ ಯಜಮಾನರು ರುದ್ರಮುನಿಯವರು ಆ ಕೋಣೆಗೆ ಬಂದು ಫೋನಿನಲ್ಲಿ ತಂಗಿಗೆ ಪಿಸುಗುಟ್ಟಿದ್ದು ನಮಗೆ ಕೇಳಿತು:

"ಏ ತಂಗಿ, ನಿಮ್ಮತ್ತಿಗಿ ರೇಡಿಯೊ ಮುಗೀತು. ಅಡಿಗೆಮನ್ಯಾಗೂ ಒಂದು ಫೋನು ಹಚ್ಚಿಟ್ಟಿರ್ತಾಳ. ವಾರವಾರ ಆಕಿ ಶುರು ಮಾಡಾಕಿಂತ ಮೊದ್ಲ ಆರಿಸ್ತೀನಿ, ಮುಗದ ಮ್ಯಾಲ ಮತ್ತ ಹಚ್ಚಿಡ್ತೀನಿ. ಬೀರುನ್ಯಾಗೊಬ್ಬಾಕಿ, ಅಡಿಗೆಮನ್ಯಾಗೊಬ್ಬಾಕಿ... ಒಬ್ಬಾಕಿ ಮುಂದಽ ನನ್ನ ಮಾತು ನಡ್ಯಾಂಗಿಲ್ಲ! ಆಕಿಗೆ ಹೇಳಬ್ಯಾಡ ಮತ್ತ."

ಅಧಿಕಾರಿಯ ಕೈ ಗಾಳಿಯಲ್ಲೇ ನಿಂತಿತು. ಅಡುಗೆಮನೆಯ ಫೋನು ಆರಿತ್ತು. ಆದರೂ ಹನ್ನೆರಡೂ ಗುರುವಾರ ಆ 'ಒಂದು' ಅಲುಗಿಲ್ಲ. ಹಳೆಯ ಜಾಡು ಹಿಡಿದು ನೋಡಿದರು: ಹರಿಹರದ ಒಂದು ಹೊಲಿಗೆ ಅಂಗಡಿ. ನಮಗೂ ಅವರಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಪ್ರತಿ ಸಂಚಿಕೆ, ಮೊದಲಿನಿಂದ ಕೊನೆತನಕ. ಅಧಿಕಾರಿ ಕೈಯಲ್ಲಿದ್ದ ಮುದ್ರೆ ಕೆಳಗಿಟ್ಟು ಇನ್ನೊಂದನ್ನು ಎತ್ತಿದರು. ಅಬ್ಬಾ! ಉಸಿರಾಡುವುದು ಇಷ್ಟು ರುಚಿ ಎಂದು ನನಗೆ ಗೊತ್ತೇ ಇರಲಿಲ್ಲ.

ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ನೀವು ಬಂದ್ ಎಂದ ಗುರುವಾರದ ಹಿಂದಿನ ದಿನ, ಬುಧವಾರ, ನಿಮ್ಮ ಕೈ ಸೇರುತ್ತದೆ. ನನ್ನ ಕೆಲಸವೇನೋ ಆಯಿತು. ನನಗಾಗಿ ಏನೂ ಕೇಳುತ್ತಿಲ್ಲ. ಯಜಮಾನರನ್ನು ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ, ಆದರೆ ಕಾರ್ಯಕ್ರಮ ಮುಗಿದ ಮೇಲೆ. ನಮ್ಮ ಬಳಿ ಹದಿಮೂರನೆಯ ಸಂಚಿಕೆ ಇಲ್ಲ. ನಾಳೆ ಹನ್ನೊಂದು ಗಂಟೆಗೆ ಹರಿಹರದಲ್ಲಿ ಯಾರೋ ಹೊಲಿಗೆ ಯಂತ್ರದಿಂದ ಕಾಲು ತೆಗೆದು, ನಿಮ್ಮ ದನಿಗಾಗಿ ಕಾಯುತ್ತಾರೆ.

ಇಂತಿ ನಿಮ್ಮವಳೇ,
ಗುರುದೇವಿ