ನಟ್ಟು ಬೋಲ್ಟಿನ ಕುದುರೆ ಹೋದ ದಾರಿ

ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಕ್ಕನ ಮುತ್ತು, ಬೈಗುಳ ಎರಡೂ ಈ ಕಾಗದದಲ್ಲಿವೆ. ಯಾವುದು ಮೊದಲು ಬೇಕೋ ತಗೊ. ನೀನು ಎರಡು ಹೊತ್ತು ಸರಿಯಾಗಿ ಉಣ್ಣುತ್ತಿದ್ದೀಯ, ಮುಖದ ಮೇಲಿನ ಕಲೆ ಮಾಯುತ್ತಿದೆ ಅಂತ ಆಶ್ರಯಧಾಮದ ವಾರ್ಡನಮ್ಮ ಫೋನಿನಲ್ಲಿ ಹೇಳಿದರು. ಎರಡು ತಿಂಗಳಾದರೂ ಅಕ್ಕ ಒಂದು ಸಾಲು ಗೀಚಲಿಲ್ಲ ಅಂತ ಮುನಿಸಿಕೊಂಡಿರುತ್ತೀಯ. ಮುನಿಸಿಕೊ, ನಿನಗೆ ಹಕ್ಕಿದೆ. ಲಕೋಟೆಯ ಮೇಲಿನ ವಿಳಾಸ ಯಾರ ಕಣ್ಣಿಗೆ ಬೀಳುತ್ತದೋ ಅನ್ನುವ ಹೆದರಿಕೆಯಲ್ಲಿ ಕೈಕಟ್ಟಿ ಕೂತಿದ್ದೆ. ಇನ್ನು ಹೆದರಬೇಕಾಗಿಲ್ಲ. ನಿನ್ನ ಗಂಡ ಜೈಲಿನಲ್ಲಿದ್ದಾನೆ. ಈ ಸಾಲನ್ನು ಇನ್ನೊಂದು ಸಲ ಓದು, ಆಮೇಲೆ ನೀರು ಕುಡಿದು ಬಂದು ಮುಂದಕ್ಕೆ ಓದು.

ಅಕ್ಷರ ಸೊಟ್ಟಗಿದ್ದರೆ ನಗಬೇಡ. ಕಾಗದ ಒತ್ತಿ ಹಿಡಿಯಲು ಎಡಗೈ ಮಾತು ಕೇಳುತ್ತಿಲ್ಲ. ನಿನಗೆ ಇದನ್ನು ಹೇಳಿರಲಿಲ್ಲ. ನೀನು ಮನೆ ಬಿಟ್ಟ ಮೂರನೇ ದಿನ ಅವನು ನಮ್ಮ ವರ್ಕ್‌ಶಾಪಿಗೆ ಬಂದ. ನಾನೊಬ್ಬಳೇ ಒಂದು ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದೆ. ಷಟರ್ ಎಳೆದು, "ಅಕ್ಕಾ, ಅವಳೆಲ್ಲಿದ್ದಾಳೆ ಹೇಳ್ಬಿಡಿ, ನಾನು ಹೊರಡ್ತೀನಿ" ಅಂದ, ನೆಂಟರ ಮನೆಗೆ ಬಂದವನ ಮರ್ಯಾದೆಯಲ್ಲಿ. ಗೊತ್ತಿಲ್ಲ ಅಂದೆ. ನನ್ನ ಎಡಗೈಯನ್ನು ಕಬ್ಬಿಣ ಬಿಗಿಹಿಡಿಯುವ ವೈಸಿನ ದವಡೆಗೆ ತುರುಕಿ ಹಿಡಿ ತಿರುಗಿಸಿದ. ಲಿಫ್ಟ್ ರಿಪೇರಿಯವನ ಕೈ, ಬಿಗಿ ಮಾಡುವುದರಲ್ಲಿ ಪಳಗಿದ್ದು. ಕಿರುಬೆರಳು, ಅದರ ಪಕ್ಕದ್ದು, ಎರಡೂ ಒಣಕಡ್ಡಿಯ ಹಾಗೆ ಲಟಕ್ಕೆಂದವು. "ಮೂರನೇದೂ ಬೇಕಾ?" ಅಂದ. ಅವನ ಮುಖಕ್ಕೆ ಉಗಿದೆ. ಅದಕ್ಕೆ ಉತ್ತರವಾಗಿ ನನ್ನ ತಲೆಯನ್ನು ಮೇಜಿಗೆ ಎರಡು ಸಲ ಬಡಿದ. ಗೇಟಿನ ಗಿರಾಕಿ ಬಂದು ಷಟರ್ ತಟ್ಟದೇ ಹೋಗಿದ್ದರೆ ನಿನಗೆ ಅಕ್ಕ ಇರುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಮನೆ ಜಗಳ, ಕೂತು ಮಾತಾಡಿಕೊಳ್ಳಿ ಅಂದರು.

ಈಗ ಬೈಗುಳ. ನಾನು ಬೆರಳು ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ ನೀನು ಮಾಡಿದ್ದೇನು? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತ ನೀನಿರುವ ಬೀದಿಯ ಪಾರ್ಕಿನಲ್ಲಿ ಆ ಗೊಂಬೆ ಕುದುರೆಯನ್ನು ಬಿಟ್ಟೆ. ಈ ಆಟವನ್ನು ಇನ್ಸ್‌ಪೆಕ್ಟರಿಗೆ ಮೂರು ಸಲ ವಿವರಿಸಿ ನನಗೆ ಬಾಯಿಪಾಠವಾಗಿದೆ. "ಸಾರ್, ಊರೂರಲ್ಲಿ ಸಣ್ಣ ಡಬ್ಬಿ ಬಚ್ಚಿಟ್ಟಿರ್ತಾರೆ. ಎಲ್ಲಿದೆ ಅಂತ ಫೋನು ತೋರಿಸುತ್ತೆ, ಹುಡುಕಬೇಕು. ಕೆಲವು ಡಬ್ಬೀಲಿ ನಂಬರ್ ಕೆತ್ತಿದ ಬಿಲ್ಲೆ ಕಟ್ಟಿದ ಗೊಂಬೆ ಇರುತ್ತೆ. ಸಿಕ್ಕಿದವರು ಅದನ್ನ ಇನ್ನೊಂದು ಡಬ್ಬಿಗೆ ಒಯ್ದು ಹಾಕ್ಬೇಕು, ಎಲ್ಲಿ ಹಾಕಿದೆ ಅಂತ ಸೈಟಿನಲ್ಲಿ ಬರೀಬೇಕು. ಗೊಂಬೆ ಹಾಗೇ ಊರು ಸುತ್ತುತ್ತೆ." ಆತ ಪೆನ್ನು ಕೆಳಗಿಟ್ಟು, "ದೊಡ್ಡೋರು ಆಡೋ ಆಟಾನಾ ಇದು?" ಅಂದರು. ದೊಡ್ಡವರೇ ಸಾರ್, ಗಂಡ ಹೆಂಡತಿ ಜೊತೆಯಾಗಿ ಆಡುತ್ತಿದ್ದರು ಅಂದೆ. ಯಾವ ಗೊಂಬೆಯನ್ನೂ ಹದಿನೈದು ದಿನಕ್ಕಿಂತ ಹೆಚ್ಚು ಕೈಯಲ್ಲಿಟ್ಟುಕೊಳ್ಳಬಾರದು ಅನ್ನುವ ಮರ್ಯಾದೆಗೆ ಕಟ್ಟುಬಿದ್ದು, ಜೀವ ಉಳಿಸಿಕೊಳ್ಳಲು ಓಡಿಬಂದವಳು ಇಂಥ ಕಡೆ ಇಟ್ಟಿದ್ದೇನೆ ಅಂತ ಸೈಟಿನಲ್ಲಿ ಬರೆದೂ ಬರೆದೆ! ನಾನು ನಟ್ಟು ಬೋಲ್ಟು ಬೆಸೆದು ಮಾಡಿಕೊಟ್ಟ ಕುದುರೆ ಅದು. ಅದರ ನಂಬರ್ ನಿನ್ನ ಗಂಡನಿಗೆ ನಿನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ.

ಅವತ್ತು ಬೆಳಗ್ಗೆ ನಿನ್ನ ಬರಹ ನೋಡಿದೆ. ಕೈಗೆ ಸಿಕ್ಕ ಬಸ್ಸು ಹತ್ತಿ ಬಂದೆ. ಕಲ್ಲುಬೆಂಚಿನ ಕೆಳಗಿನ ಡಬ್ಬಿಯಿಂದ ಕುದುರೆಯನ್ನು ಕಿತ್ತುಕೊಂಡು, ವಾಪಸ್ ಬಸ್ಸಿನಲ್ಲಿ ಕೂತಿದ್ದೆ. ಅವನ ಕೆಂಪು ಬೈಕು ನಿನ್ನ ಬೀದಿಗೆ ತಿರುಗಿತು. ನೀನಿದ್ದ ಕಟ್ಟಡಕ್ಕೂ ಆ ಬೈಕಿಗೂ ನಡುವೆ ಒಂದು ಬೇಕರಿ, ಒಂದು ಟೈಲರ್ ಅಂಗಡಿ, ಅಷ್ಟೇ. ನಿನ್ನ ಪಾಸ್‌ವರ್ಡ್ ನನಗೆ ಗೊತ್ತು, ಹುಟ್ಟಿದಾಗಿನಿಂದ ನೀನು ನನ್ನಿಂದ ಏನು ಮುಚ್ಚಿಟ್ಟಿದ್ದೀಯ? ಬಸ್ಸಿನಿಂದಲೇ ವಾರ್ಡನಮ್ಮನಿಗೆ ಹೇಳಿ ನಿನ್ನ ಫೋನು ತೆಗೆದಿಡಿಸಿ, ನಿನ್ನ ಹೆಸರಲ್ಲಿ ಬರೆದೆ: "ಕುದುರೆ ವಾಪಸ್ ತಗೊಂಡೆ. ನಾನೂ ಅದೂ ಈ ಊರು ಬಿಟ್ಟೆವು." ಎಂಟು ಗಂಟೆ ಪಯಣ ಮಾಡಿ ಒಂದು ಪೆಟ್ರೋಲ್ ಬಂಕಿನ ಬೋರ್ಡಿನ ಹಿಂದಿನ ಡಬ್ಬಿಯಲ್ಲಿ ಅದನ್ನು ಇಟ್ಟು, ಅದನ್ನೂ ಬರೆದೆ. ಕೆಂಪು ಬೈಕು ಆ ಕಡೆ ಹೊರಟಿತು. ಹಾವೂ ಸಾಯಲಿ, ಕೋಲೂ ಮುರಿಯದಿರಲಿ ಅಂತ ನನ್ನ ಲೆಕ್ಕಾಚಾರ.

ಅಲ್ಲಿಂದ ಮುಂದೆ ಕುದುರೆ ಗುರುತು ಪರಿಚಯ ಇಲ್ಲದವರ ಕೈಗೆ ಹೋಯಿತು. ಮೊದಲು ಒಬ್ಬ ಲಾರಿ ಡ್ರೈವರ್. ಮೂರು ದಿನ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿಕೊಂಡು ಫೋಟೋ ಹಾಕಿದ. ನಾಳೆ ಇಂಥ ಮೋರಿಯ ಕೆಳಗೆ ಇಡುತ್ತೇನೆ ಅಂತ ಮುಂಚೆಯೇ ಬರೆದ. ನಿನ್ನ ಗಂಡ ಮೋರಿಯೊಳಗೆ ಕಾದು ಕೂತಿದ್ದ. ಡ್ರೈವರ್ ನಿನ್ನ ಖಾತೆಗೆ ಮೆಸೇಜು ಕಳಿಸಿದ: "ಮೇಡಂ, ನಿಮ್ಮ ಕುದುರೆ ಕ್ಷೇಮ. ಒಬ್ಬ ಹುಚ್ಚ 'ಅವಳನ್ನ ಎಲ್ಲಿಟ್ಟಿದ್ದೀಯ' ಅಂತ ಹಿಂದಿಂದ ಸ್ಪ್ಯಾನರಲ್ಲಿ ಹೊಡ್ದ. ನನ್ನ ತೋಳಿನ ಮೂಳೆ ಹೋಯ್ತು, ಅವನ ಅರ್ಧ ಕಿವಿ ನನ್ನ ಬಾಯಲ್ಲಿ ಉಳೀತು." ಓದಿ ನಕ್ಕೆ ಪುಟ್ಟಿ. ಜೋರಾಗಿ, ಒಬ್ಬಳೇ, ವೈಸಿನ ಪಕ್ಕ ನಿಂತು ನಕ್ಕೆ. ಆ ಕಿವಿ ನನ್ನ ಹಲ್ಲಿಗೆ ಸಿಗಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಒಬ್ಬಳು ನರ್ಸು, ರಜೆಗೆ ಹೊರಟವಳು. ದೀಪಸ್ತಂಭ, ಹಳೇ ರೈಲ್ವೆ ಗೋದಾಮು, ಕೊನೆಗೆ ನದಿಯ ಹಳೇ ಸೇತುವೆಯ ಕೆಳಗೆ. ಅವಳು ಹಾದುಹೋದ ಜಾಗದ ಡಬ್ಬಿಗಳೆಲ್ಲ ಚಪ್ಪಟೆಯಾಗಿ ಸಿಕ್ಕವು ಅಂತ ಬೇರೆಯವರು ಬರೆಯುತ್ತಿದ್ದರು. ಅವಳು ಎಲ್ಲ ಕಡೆ ಒಂದು ದಿನ ಮುಂದಿದ್ದಳು. ಅದು ಅವಳ ಪುಣ್ಯ.

ಸೇತುವೆಯಿಂದ ಕುದುರೆಯನ್ನು ಎತ್ತಿಕೊಳ್ಳಲು ಬಂದವರು ಗಡಿಯಾರ ರಿಪೇರಿಯವರು. ಎಪ್ಪತ್ತೊಂದು ವಯಸ್ಸು. ಸೈಟಿನಲ್ಲಿ ಅವರ ಹೆಸರು ಸಣ್ಣಮುಳ್ಳು. "ಮನೆಯವಳು ದೊಡ್ಡಮುಳ್ಳು, ಅವಳು ಹನ್ನೆರಡು ಸುತ್ತು ಓಡಾಡುವಷ್ಟರಲ್ಲಿ ನಾನು ಒಂದು ಸುತ್ತು" ಅಂತ ಬರೆದುಕೊಂಡಿದ್ದರು. ಅಂಗಡಿ ಮುಚ್ಚಿದ ಮೇಲೆ ಕಾಲು ಜಡ್ಡುಗಟ್ಟಬಾರದು ಅಂತ ಈ ಆಟ ಹಿಡಿದವರು. ಭಾನುವಾರ ಹತ್ತು ಗಂಟೆಗೆ ಸೇತುವೆ ಕೆಳಗೆ ಕುದುರೆಯನ್ನು ಕಾಣಲು ಹೊರಟಿದ್ದೇವೆ ಅಂತ ಶುಕ್ರವಾರವೇ ಹಾಕಿದರು. ಅದನ್ನು ಅವನೂ ಓದಿದ.

ಅಲ್ಲಿ ನಡೆದದ್ದನ್ನು ಸೇತುವೆಗೆ ಬಣ್ಣ ಬಳಿಯುತ್ತಿದ್ದವರು ಪೊಲೀಸರಿಗೆ ಹೇಳಿದರು, ಪೊಲೀಸರು ನನಗೆ ಹೇಳಿದರು. ನಿನಗೆ ಮುಚ್ಚಿಡುವುದಿಲ್ಲ, ನಾಳೆ ಕೋರ್ಟಿನಲ್ಲಿ ಹೇಗೂ ಕೇಳುತ್ತೀಯ. ನಿನ್ನ ಗಂಡ ಮುಕ್ಕಾಲು ಗಂಟೆ ತಡವಾಗಿ ಬಂದ. "ಅವಳೆಲ್ಲಿ?" ಅಂದ. "ಯಾರಪ್ಪಾ? ಬಾ ಕೂತ್ಕೊ, ಬೆವರ್ತಾ ಇದ್ದೀಯಲ್ಲ" ಅಂದರಂತೆ ಅವರು. ಸ್ಪ್ಯಾನರಿನ ಮೊದಲ ಏಟು ಮಂಡಿಗೆ. ಬಿದ್ದವರ ತಲೆಗೆ ಎರಡನೆಯದು, ಮೂರನೆಯದು. ಹೆಂಡತಿ ಗಂಡನ ಮೇಲೆ ಕವುಚಿ ಬಿದ್ದರು, ಆಕೆಯ ಕಾಲರ್ ಬೋನ್ ಮುರಿಯಿತು. ಆಗಲೂ ನಿಲ್ಲಿಸಲಿಲ್ಲ, ಕಲ್ಲಿನ ಮೇಲೆ ರಕ್ತ ಹರಿದು ಬಣ್ಣದವರ ಏಣಿಯವರೆಗೆ ಬಂತಂತೆ. ಬಣ್ಣದವರು ಹಗ್ಗ ಹಿಡಿದು ಜಾರಿ ಬಂದು, ಅವನನ್ನು ಕೆಡವಿ, ಬಣ್ಣದ ಡಬ್ಬಿಯಲ್ಲೇ ಅವನ ಬಾಯಿ ಹಲ್ಲು ಎಲ್ಲ ಸರಿಮಾಡಿದರು. ಗಡಿಯಾರದವರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು. ಈಗ ಇದು ಕೊಲೆ ಕೇಸು. ಮನೆ ಜಗಳ ಅಂದ ಸ್ಟೇಷನ್ನಿನವರೇ ಮೊನ್ನೆ ನನಗೆ ಕುರ್ಚಿ ಕೊಟ್ಟು ಕೂರಿಸಿದರು.

ಆದ್ದರಿಂದ ಪುಟ್ಟಿ, ಬಾ. ವಾರ್ಡನಮ್ಮನಿಗೆ ಹೇಳಿ ಸೋಮವಾರವೇ ಹೊರಡು. ನೀನೂ ಹೇಳಿಕೆ ಕೊಡಬೇಕಂತೆ, ನಿನ್ನ ಮೈಮೇಲಿನದ್ದೆಲ್ಲ ತೋರಿಸಬೇಕಂತೆ. ನಾನು ಪಕ್ಕದಲ್ಲೇ ಇರುತ್ತೇನೆ. ಹಗಲಲ್ಲಿ ಬಾ, ಕಿಟಕಿ ಪಕ್ಕ ಕೂತು ಬಾ, ತಲೆಗೆ ಸೆರಗು ಹೊದ್ದು ಮುದುಡಿಕೊಂಡು ಬರಬೇಡ. ನೂರು ವರ್ಷ ಬಾಳು, ಯಾರ ಕೈಯೂ ನಿನ್ನ ಮೇಲೆ ಏಳದ ನೂರು ವರ್ಷ.

ನಿನ್ನ,
ಎಂಟು ಬೆರಳಿನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ನಿನ್ನ ಮುಖ ನೋಡಲಾರೆ.

ಶುಕ್ರವಾರ ಗಡಿಯಾರದವರ ಬರಹ ನೋಡಿದಾಗ, ನಿನ್ನ ಗಂಡ ನಿನ್ನ ಬೀದಿಗೇ ವಾಪಸ್ ಬಂದಿದ್ದಾನೆ ಅಂತ ವಾರ್ಡನಮ್ಮ ಫೋನು ಮಾಡಿದ್ದರು. ಕುದುರೆಯ ಮೇಲಿನ ನಂಬಿಕೆ ಅವನಿಗೆ ಹೋಗಿತ್ತು. ಬೇಕರಿಯಲ್ಲಿ ನಿನ್ನ ಫೋಟೋ ತೋರಿಸಿ ಕೇಳುತ್ತಿದ್ದನಂತೆ. ಆಗ ಆ ಮುದುಕರ ಬರಹದ ಕೆಳಗೆ ನಿನ್ನ ಹೆಸರಲ್ಲಿ ನಾನೇ ಬರೆದೆ: "ನಾನೂ ಬರ್ತೀನಿ, ಸೇತುವೆ ಹತ್ತಿರ ಸಿಗೋಣ." ಬಂದು, ನಿನ್ನನ್ನು ಕಾಣದೆ ಹೋಗುತ್ತಾನೆ ಅಂದುಕೊಂಡೆ ಅಂತ ಇನ್ಸ್‌ಪೆಕ್ಟರಿಗೆ ಹೇಳಬಹುದು. ನಿನಗೆ ಹೇಳಲಾರೆ. ಡ್ರೈವರಿನ ಮೆಸೇಜು ಓದಿದವಳು ನಾನು. ಅವನ ಕೈ ಏನು ಮಾಡುತ್ತದೆ ಅಂತ ಗೊತ್ತಿದ್ದೇ ಬರೆದೆ. ನಿನ್ನ ತಲೆಯ ಬದಲು ಬೇರೆ ಯಾರದ್ದಾದರೂ ಆಗಲಿ ಅಂದುಕೊಂಡೇ ಬರೆದೆ. ಭಾನುವಾರ ಮಧ್ಯಾಹ್ನ, ಪೊಲೀಸರು ನೋಡುವ ಮುಂಚೆ ಅಳಿಸಿದೆ.

ನಿನ್ನೆ ಅವರ ಹೆಂಡತಿಯನ್ನು ನೋಡಲು ಹೋಗಿದ್ದೆ. ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲು ತೆಗೆದರು. ಒಬ್ಬರೇ ಇದ್ದಾರೆ. ಗೋಡೆಯ ತುಂಬ ಗಡಿಯಾರ. ಅವರಾಗಿಯೇ ಹೇಳಿದರು: "ಹತ್ತೂ ಕಾಲಿಗೇ ಕುದುರೆ ಸಿಕ್ಕಿಬಿಡ್ತಮ್ಮ. ಹೊರಡೋಣ ಅಂದೆ ನಾನು. ಯಾರೋ ಹುಡುಗಿ ಬರ್ತೀನಂದಿದ್ದಾಳೆ, ಪಾಪ, ಕಾಯೋಣ, ಟೀ ಅವಳಿಗೂ ಇರಲಿ ಅಂದ್ರು ಇವರು." ಆಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು: "ಆ ಹುಡುಗಿ ದಾರೀಲೇ ತಪ್ಪಿಸಿಕೊಂಡಳಾ? ಅವಳಿಗೇನೂ ಆಗಲಿಲ್ಲ ತಾನೆ?"

ಇಲ್ಲಮ್ಮ, ಅವಳು ಚೆನ್ನಾಗಿದ್ದಾಳೆ ಅಂದೆ.