ಒಂದು ಗಂಟೆಯ ಸೂತಕ

ಝೆಲಿಗ್,

ನೀನು ಸತ್ತಿದ್ದೀಯೆಂದು ಇವತ್ತು ಮಧ್ಯಾಹ್ನ ನಮ್ಮ ಯೆಹೂದಿ ಧರ್ಮಗುರು, ರಬ್ಬಿ, ತೀರ್ಪು ಕೊಟ್ಟರು. ಯುದ್ಧಕ್ಕೆ ಹೋದ ನಿನಗಾಗಿ ಹನ್ನೊಂದು ವರ್ಷ ಕಾದಿದ್ದೆ. ನಿನ್ನ ಸಾವಿಗೆ ಸಾಕ್ಷಿಯಿಲ್ಲದೆ ನನ್ನನ್ನು ವಿಧವೆ ಎನ್ನುವ ಹಾಗೂ ಇರಲಿಲ್ಲ, ನಾನು ಮರುಮದುವೆಯಾಗುವ ಹಾಗೂ ಇರಲಿಲ್ಲ. ಈಗ ಪಿನ್ಸ್ಕ್ ಕಡೆಯಿಂದ ಗೆಟ್ಸೆಲ್ ಎಂಬ ಟೋಪಿ ಹೊಲಿಯುವವನು ಬಂದ. ನಿನ್ನ ಜೊತೆಗೇ ಸಿಪಾಯಿಯಾಗಿದ್ದನಂತೆ. ಆ ಯುದ್ಧದಲ್ಲೇ ನಿನ್ನನ್ನು ತಾನೇ ಕೈಯಾರೆ ಮಣ್ಣು ಮಾಡಿದೆನೆಂದು ಹೇಳಿದ.

ರಬ್ಬಿ ಗ್ರಂಥ ಮುಚ್ಚಿ, "ಫ್ರುಮೆ, ಇನ್ನು ನಿನಗೆ ಬಿಡುಗಡೆ ಕಣಮ್ಮ. ಮದುವೆ ಆಗ್ಬಹುದು" ಎಂದರು.

"ಏಳು ದಿನ ಸೂತಕ ಕೂರ್ಬೇಕಲ್ವಾ?" ಎಂದೆ.

"ಸತ್ತು ಮೂವತ್ತು ದಿನ ಕಳೆದ ಮೇಲೆ ಸುದ್ದಿ ಬಂದ್ರೆ ಒಂದೇ ಗಂಟೆ. ಶಾಸ್ತ್ರ ಹಾಗಿದೆ."

"ದುಃಖಕ್ಕೆ ಬಟ್ಟೆ ಹರಿದುಕೊಳ್ಳೋ ಪದ್ಧತಿ?"

"ಅದೂ ಇಲ್ಲಮ್ಮ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಮನೆಗೆ ಬಂದು, ಸೂತಕಕ್ಕೆಂದು ಜೋಡು ಬಿಚ್ಚಿ ನೆಲದ ಮೇಲೆ ಕುಳಿತೆ. ಪಕ್ಕದ ಮನೆಯ ಬ್ರಾಯ್ನೆ ಜೊತೆಗಿದ್ದಳು. ಕೊನೆಗೆ ಗಡಿಯಾರ ನೋಡಿ, "ಗಂಟೆ ಆಯ್ತು, ಏಳೇ. ಇನ್ನೂ ಕೂತ್ರೆ ರಬ್ಬಿ ಮಾತು ಮೀರಿದ ಹಾಗಾಗುತ್ತೆ" ಎಂದಳು.

ನಾನು ನಮ್ಮ ಮದುವೆಯ ದಿನದಿಂದ ಒಂದೊಂದಾಗಿ ನೆನೆಯುತ್ತ ಬಂದಿದ್ದೆ. ನೀನು ಹೊರಟ ಬೆಳಗಿಗೆ, ಕರೆದರೂ ನಾನು ಬಾಗಿಲಿಗೆ ಬಾರದೆ ಒಳಗೇ ಉಳಿದ ಆ ಹೊತ್ತಿಗೆ, ಇನ್ನೂ ತಲುಪಿರಲಿಲ್ಲ.

ಆದರೂ ಎದ್ದೆ. ಹನ್ನೊಂದು ವರ್ಷ ರಬ್ಬಿಯವರ ಮಾತಿನಂತೆ ಕಾದವಳು, ಅವರ ಮಾತಿನಂತೆಯೇ ಎದ್ದು ಜೋಡು ಹಾಕಿಕೊಂಡೆ.

ಫ್ರುಮೆ