ಊಟ ಸೇರ್ತಿದ್ಯಾ?

ನುರ್ಮೆಸ್, ಭಾನುವಾರ
೧೪ ಫೆಬ್ರವರಿ ೧೯೮೨

ಪ್ರೀತಿಯ ಓಯಿವಾ ಅಣ್ಣಾ,

ಹೊಟ್ಟೆಯ ಹೊಲಿಗೆ ಹೇಗಿದೆ? ಕೀವು ಗೀವು ಏನೂ ಇಲ್ಲವಷ್ಟೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದೆ ಅಂದುಕೋ. ನೀನು ಬುಧವಾರದಿಂದ ತಟ್ಟೆ ಮುಟ್ಟಿಲ್ಲವೆಂದು ಪಟ್ಟಣದ ಆಸ್ಪತ್ರೆಯಿಂದ ನರ್ಸಮ್ಮ ನಿನ್ನೆ ಫೋನು ಮಾಡಿದ್ದಳು. ಇನ್ನೆರಡು ದಿನ ನೋಡಿ ಮೂಗಿಗೆ ಟ್ಯೂಬು ಹಾಕುತ್ತಾರಂತೆ. ಅರವತ್ತೆಂಟು ವರ್ಷದ ಗಂಡಸು ಎಳೆಮಗುವಿನ ಹಾಗೆ ಹಟ ಹಿಡಿದು ಕೂರುವುದಾ! ಚಳಿಗಾಲ ಕಳೆಯುವವರೆಗೆ ವೃದ್ಧಾಶ್ರಮದಲ್ಲಿರು ಎಂದು ನಾನು ಬುಧವಾರ ಅಂದದ್ದಕ್ಕೇ ಇದೆಲ್ಲ, ನನಗೇನು ತಿಳಿಯದೇ? ಆಗ ನೀನು ಗೋಡೆ ಕಡೆ ತಿರುಗಿಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇವತ್ತು ಮನೆಯಲ್ಲಿ ಕೂರಲಾಗಲಿಲ್ಲ. ಕಾಫಿಗೆ ಎರಡು ಸಲ ನೀರಿಟ್ಟು ಎರಡು ಸಲವೂ ಮರೆತೆ. ಕಿಟಕಿಗೆ ಹೋಗುವುದು, ಬಾಗಿಲಿಗೆ ಬರುವುದು, ಇದೇ ಆಯಿತು. ಕೊನೆಗೆ ಮಧ್ಯಾಹ್ನ ಸ್ಕೀ ಕಟ್ಟಿಕೊಂಡು, ಮಂಜುಗಡ್ಡೆ ಕೊರೆಯುವ ನಿನ್ನ ಬೈರಿಗೆಯನ್ನು ಬೆನ್ನಿಗೆ ಹಾಕಿ ಹೆಪ್ಪುಗಟ್ಟಿದ ಸರೋವರಕ್ಕೆ ಇಳಿದೆ. (ಮುಟ್ಟಿದೆನೆಂದು ಕೂಗಾಡಬೇಡ, ಅಲಗು ಒರೆಸಿಯೇ ಇಟ್ಟಿದ್ದೇನೆ.) ಹೊಸ ಹಿಮ, ಸ್ಕೀ ಚೆನ್ನಾಗಿ ಜಾರುತ್ತಿತ್ತು. ದ್ವೀಪದ ತನಕ ಎಲ್ಲೂ ನಿಲ್ಲಲಿಲ್ಲ. ನಿಂತರೆ ಯೋಚನೆ ಮುತ್ತಿಕೊಳ್ಳುತ್ತಿತ್ತು. ಅಲ್ಲಿ ಮಂಜುಗಡ್ಡೆಯಲ್ಲಿ, ಸೊಂಟ ನೋವಾದರೂ ಬಿಡದೆ, ಮೂರು ತೂತು ಕೊರೆದೆ, ಗಾಳ ಬಿಟ್ಟೆ, ಒಂದರ ಮುಂದೆಯೂ ಹತ್ತು ನಿಮಿಷ ಕೂರಲಿಲ್ಲ.

ಆಗ ಪಕ್ಕದ ಮನೆಯ ಉರ್ಹೊ ಹಿಂದಿನಿಂದ ಸ್ಕೀ ಮೇಲೆ ಬಂದವನು, ಗಾಳ ಹಾಕಿ ಕೂತವರನ್ನು ಎಲ್ಲರೂ ಕೇಳುವುದನ್ನೇ ಕೇಳಿದ: "ಊಟ ಸೇರ್ತಿದ್ಯಾ?" ಮೀನು ಕಚ್ಚುತ್ತಿದೆಯೇ ಅಂತ. ಚೀಲ ತುಂಬಿದ್ದರೂ "ಸೇರ್ತಿಲ್ಲ" ಅನ್ನಬೇಕು, ಅಷ್ಟೆ. ಚಿಕ್ಕಂದಿನಿಂದ ಕೇಳಿದ ಮಾತು, ಇವತ್ತು ಹೊಳೆಯಲೇ ಇಲ್ಲ ನೋಡು, ನಿನ್ನ ವಿಷಯ ಅಂದುಕೊಂಡೆ. "ಎಲ್ಲಿ ಸೇರುತ್ತೋ ಉರ್ಹೊ! ನಾಲ್ಕು ದಿನ ಆಯ್ತು, ಒಂದು ತುತ್ತೂ ಮುಟ್ಟಿಲ್ಲ, ಮೂಗಿಗೆ ಟ್ಯೂಬು ಹಾಕ್ತಾರಂತೆ!" ಅಂದುಬಿಟ್ಟೆ. "ಮೀನಿಗಾ?" ಅಂದ ಆ ಪೆದ್ದ. ನನಗೆ ನಗು ಬಂತು, ನಗುತ್ತಲೇ ಅಳು ಬಂತು, ಅಲ್ಲೇ ಕೂತು ಗಳಗಳ ಅತ್ತೆ. ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಅವ್ನನ್ನ ಆಶ್ರಮಕ್ಕೆ ಕಳಿಸ್ತೀಯಂತೆ, ಹೌದಾ ಸೈಮಿ?" ಅಂದ. ಊರಿಗೆಲ್ಲ ಗೊತ್ತಾಗಿದೆ! "ಮತ್ತೆ ಕಟ್ಟಿಗೆ ಒಡೆಯೋರು ಯಾರು? ಸೌನಾ ಸ್ನಾನಕ್ಕೆ ನೀರು ಹೊರೋರು ಯಾರು? ನನ್ನ ಸೊಂಟ ಬಿದ್ದುಹೋಗಿದೆ ಕಣೋ" ಎಂದು ರೇಗಿದೆ. ಅವನು ನನ್ನ ಕೈಯಿಂದ ಬೈರಿಗೆ ತೆಗೆದುಕೊಂಡು, "ಯಾಕೆ, ನಾನು ಸತ್ತೋಗಿದ್ನಾ? ಒಂದು ಮಾತು ಕೇಳಿದ್ಯಾ ನೀನು?" ಅಂದ. ಕೇಳಿರಲಿಲ್ಲ. ನಮ್ಮ ಮನೆಯವರು ಯಾರನ್ನೂ ಏನೂ ಕೇಳಿದವರಲ್ಲ, ನೀನೂ ಅಷ್ಟೆ, ನಾನೂ ಅಷ್ಟೆ.

ಉರ್ಹೊ ನಾಳೆ ಬೆಳಗ್ಗೆಯೇ ಪಟ್ಟಣಕ್ಕೆ ಹೊರಡುತ್ತಾನಂತೆ, ಈ ಕಾಗದ ಅವನೇ ತಂದುಕೊಡುತ್ತಾನೆ. ಕಾಗದ ಈಗಲೇ ಕೊಡು ಎಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ನನಗೂ ಸ್ವಲ್ಪ ಕೊಡಲಿ.

ನಿನ್ನ ತಂಗಿ,
ಸೈಮಿ

ಮರೆತೆ, ಮರೆತೆ ಅಂದರೆ ಸುಳ್ಳು: ಆಶ್ರಮದ ಅರ್ಜಿಗೆ ನಾನು ಬುಧವಾರ ನಿನ್ನನ್ನು ಕೇಳುವ ಮೊದಲೇ ಸಹಿ ಹಾಕಿಟ್ಟಿದ್ದೆ ಅಣ್ಣಾ. ನಾಳೆ ಅಂಚೆಗೆ ಹಾಕುವುದಿತ್ತು. ಈಗಷ್ಟೇ ಒಲೆಗೆ ಹಾಕಿದೆ, ನಂಬಿಕೆ ಇಲ್ಲದಿದ್ದರೆ ಉರ್ಹೊನನ್ನು ಕೇಳು. ಉಣ್ಣು, ಮನೆಗೆ ಬಾ.